ಐವತ್ತೆರಡಕ್ಕೆ ನಡುಗುವ ಜೀಪು

ಇದು ಒಂದೇ ಹಗಲಿನ ಮಾತು. ಹೊತ್ತು ಹುಟ್ಟುತ್ತ ಶುರುವಾಗಿ ಹೊತ್ತು ಮುಳುಗುವಷ್ಟರಲ್ಲಿ ಮುಗಿಯಿತು. ಶಿವನಿಗೆ ಒಂದು ಹಗಲೆಂದರೆ ಕಣ್ಣೆವೆ ಮುಚ್ಚಿ ತೆರೆದಷ್ಟು. ತಿಕೋಟಾದ ಬಸಗೊಂಡಪ್ಪನವರ ಸೊಸೆ ಸೌಭಾಗ್ಯಳಿಗೆ ಮಾತ್ರ ಅದು ಒಂದು ಸುಗ್ಗಿಯಷ್ಟು ಉದ್ದವಾಯಿತು.

ಬೆಳಿಗ್ಗೆ ಜೀಪು ಅಂಗಳದಲ್ಲಿ ನಿಂತಿತ್ತು. ಬಸಗೊಂಡಪ್ಪನವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರದಿರುವಾಗಲೇ ರುಮಾಲು ಸುತ್ತಿಕೊಂಡು ಹೊರಬಂದರು. ಜೀಪಿನ ಕೀಲಿಯನ್ನು ಅಂಗೈಯಲ್ಲಿ ಆಡಿಸುತ್ತ ಸೊಸೆಯ ಮುಖ ನೋಡದೆ ಹೇಳಿದರು:

"ಇವತ್ತ ಸಂಜಿತನಕ ನೋಡವ್ವಾ. ಗಾಡ್ಯಾಗ ಏನರೆ ದೋಷ ಸಿಕ್ತು, ಚಲೋ ಆತು. ಸಿಗಲಿಲ್ಲ, ನಾಳೆ ಮುಂಜಾನಿಂದ ಕೀಲಿ ರೇವಪ್ಪನ ಕೈಯಾಗ. ಆಮ್ಯಾಲ ನೀ ಆ ಸೀಟಿನ ಮ್ಯಾಲ ಕುಂದ್ರೂದು ಬ್ಯಾಡ."

"ದೋಷ ಐತ್ರಿ ಮಾವಾರ."

"ಐತಿ ಅಂತ ನೀ ಒಬ್ಬಾಕಿನ ಅಂತಿ. ನಮ್ಮೂರ ಗಾಡಿ ಮೇಸ್ತ್ರಿ ಇಲ್ಲ ಅಂದ. ವಿಜಯಪುರದಾಗ ಗಾಲಿ ತೂಗೂ ಮಷೀನೂ ಇಲ್ಲ ಅಂತು. ನಾ ಇಪ್ಪತ್ತೆಂಟ ವರ್ಷ ಹೊಡದೇನಿ, ಒಂದ ದಿನಾ ನಡುಗಿಲ್ಲ. ಕುಣಿಲಾರದಾಕಿ ನೆಲಾ ಡೊಂಕ ಅಂದ್ಲಂತ."

ಒಳಗಿನಿಂದ ಅತ್ತೆ ರುದ್ರವ್ವ ಕೂಗಿದಳು: "ಮುಂಜಾನೆದ್ದು ಶಿವಾ ಅನ್ನೂ ಬಾಯಾಗ ಎಂಥಾ ಮಾತ್ರೀ ಅವು? ನಾಕ ವರ್ಷ ಆತು, ಆಕಿ ಒಂದ ಕೋಳಿಗೂ ಗಾಡಿ ತಾಗಿಸಿಲ್ಲ."

"ಹಂಗಾರ ದಾನವ್ವನ ತಲಿ ತಾನ ಒಡೀತೇನು?"

ರುದ್ರವ್ವ ಹೊರಬಂದು ರೊಟ್ಟಿಯ ಬುತ್ತಿಯನ್ನು ಸೊಸೆಯ ಕೈಗಿಟ್ಟಳು.

ಬಸಗೊಂಡಪ್ಪನವರ ದ್ರಾಕ್ಷಿ ತೋಟವಿರುವುದು ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ. ಡಾಂಬರು ಬಿಟ್ಟು ಒಳಗೆ ಒಂದೂವರೆ ಮೈಲು ಎರೆಮಣ್ಣು. ನಾಲ್ಕು ಹನಿ ಬಿದ್ದರೆ ಸಾಕು, ಆ ಮಣ್ಣು ಟ್ರ್ಯಾಕ್ಟರಿನ ಕಾಲನ್ನೂ ಹಿಡಿದು ಕೂರಿಸುತ್ತದೆ. ಅದಕ್ಕೆಂದೇ ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುವ ಆ ಹಳೆಯ ಜೀಪು. ಮಗ ಸಂಗನಬಸವ ವಿಜಯಪುರದ ಕಾಲೇಜೊಂದರಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಜೀಪು ಸೌಭಾಗ್ಯಳ ಪಾಲಿಗೆ ಬಂದಿತ್ತು. ದಿನಾ ಬೆಳಿಗ್ಗೆ ಜೈನಾಪುರಕ್ಕೆ ಹೋಗಿ ಒಂಬತ್ತು ಮಂದಿ ಹೆಣ್ಣಾಳುಗಳನ್ನು ಕರೆತರುವುದು, ಸಂಜೆ ಮರಳಿ ಬಿಡುವುದು ಅವಳ ಕೆಲಸ. ಆ ಒಂಬತ್ತು ಮಂದಿಗೆ ಹಿರಿಯಳು ದಾನವ್ವ.

ಹನ್ನೆರಡು ದಿನದ ಹಿಂದೆ, ಕೊಯ್ಲಿನ ಅವಸರದಲ್ಲಿ, ಅವಳು ಎಂದಿನಂತೆ ಬಬಲೇಶ್ವರ ದಾಟಿ ಬರುತ್ತಿದ್ದಳು. ಹಿಂದೆ ಹೆಂಗಸರು ಯಾರದೋ ಸೋಬಾನೆ ಹಾಡು ಹಿಡಿದಿದ್ದರು. ವೇಗದ ಮುಳ್ಳು ಐವತ್ತರ ಗೀಟು ದಾಟಿ ಕೂದಲೆಳೆ ಮುಂದಿತ್ತು. ಕಾಲುವೆಯ ಹತ್ತಿರ ಎಡಗಾಲಿ ಒಂದು ತಗ್ಗಿನಲ್ಲಿ ಇಳಿದು ಎದ್ದಿತು, ಅಷ್ಟೇ. ಮರುಗಳಿಗೆಗೆ ಜೀಪಿನ ಮೋರೆಗೆ ಗಾಳಿ ಹೊಕ್ಕಂತಾಯಿತು. ಮುಂದಿನ ಎರಡೂ ಗಾಲಿಗಳು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಜೋಳದ ಜರಡಿ ಆಡಿಸಿದಂತೆ ಹೊಯ್ದಾಡಿದವು. ಸ್ಟೇರಿಂಗ್ ಅವಳ ಕೈಯಿಂದ ಕಿತ್ತುಕೊಂಡು ಹೆಬ್ಬೆರಳಿಗೆ ಬಡಿಯಿತು. ಹಾಡು ಚೀರಾಟವಾಯಿತು. ಕಾಲುವೆಯ ಅಂಚಿಗೆ ಎರಡು ಮಾರು ಉಳಿದಿರುವಾಗ ಜೀಪು ನಿಂತಿತು. ದಾನವ್ವನ ತಲೆ ಕಬ್ಬಿಣದ ಕಂಬಿಗೆ ಬಡಿದು ನಾಲ್ಕು ಹೊಲಿಗೆ ಬಿದ್ದವು. ಉಳಿದವರಿಗೆ ಏನೂ ಆಗಲಿಲ್ಲ. ಆಗದಂತೆ ಕಾಯ್ದವನು ಇದ್ದಾನೆ.

ಅಂದಿನಿಂದ ಗಂಡಸರು ಆ ಜೀಪನ್ನು ಓಡಿಸಿ ಓಡಿಸಿ ನೋಡಿದರು. ನಡುಗಲಿಲ್ಲ. ಬಸಗೊಂಡಪ್ಪನವರು ಓಡಿಸಿದರೆ ಮುಳ್ಳು ಮೂವತ್ತು ದಾಟುವುದಿಲ್ಲ. ತಿಕೋಟಾದ ಮೇಸ್ತ್ರಿ ಓಡಿಸಿದ್ದು ಸಂತೆಯ ದಿನ, ಜನರ ನಡುವೆ. ಹೀಗಾಗಿ ದೋಷ ಅವಳ ಕೈಯದೆಂದು ತೀರ್ಮಾನವಾಯಿತು.

ರೇವಪ್ಪ ಜೈನಾಪುರದ ಬಾಡಿಗೆ ಡ್ರೈವರ್. ಎಪ್ಪತ್ತಕ್ಕಿಂತ ಕಡಿಮೆ ಓಡಿಸಿದರೆ ತನಗೆ ಆಕಳಿಕೆ ಬರುತ್ತದೆಂದು ಅವನೇ ಹೇಳಿಕೊಂಡು ತಿರುಗುತ್ತಾನೆ. ಆ ತಗ್ಗು, ಆ ಎಪ್ಪತ್ತು, ಹಿಂದೆ ಒಂಬತ್ತು ಮಂದಿ: ಸೌಭಾಗ್ಯಳ ಹೆದರಿಕೆ ಇದು. ತನ್ನ ಸೀಟು ಹೋಗುತ್ತದೆಂಬ ಸಂಕಟವೂ ಇತ್ತು, ಸುಳ್ಳೇಕೆ? ಎರಡರಲ್ಲಿ ಯಾವುದು ದೊಡ್ಡದೆಂದು ಅವಳು ಹನ್ನೆರಡು ದಿನ ದೇವರ ಜಗುಲಿಯ ಮುಂದೆ ಕೂತು ಕೇಳಿಕೊಂಡಿದ್ದಳು.

ವಿಜಯಪುರದ ಇಬ್ರಾಹಿಂಪುರದಲ್ಲಿರುವ ಮೇಸ್ತ್ರಿ ಗೈಬುಸಾಬನ ಹೆಸರು ಹೇಳಿದವಳು ರುದ್ರವ್ವ. ಅವಳ ತವರಿನ ಲಾರಿಗಳನ್ನು ಅವನೇ ನೋಡುತ್ತಿದ್ದನಂತೆ. ರೈಲು ಹಳಿಯ ಪಕ್ಕದಲ್ಲಿ ತಗಡಿನ ಶೆಡ್ಡು, ಮುಂದೆ ಬೇವಿನ ಮರ. ಬಸಗೊಂಡಪ್ಪನವರು ತಾವೇ ಜೀಪು ಓಡಿಸಿಕೊಂಡು ಬಂದು ಮರದ ನೆರಳಿಗೆ ನಿಲ್ಲಿಸಿದಾಗ ಗೈಬುಸಾಬ ಚಹಾ ಕುಡಿಯುತ್ತ ಕೂತಿದ್ದ. ಅರವತ್ತು ದಾಟಿದ, ಒಣಗಿದ ಮೈ. ಕಣ್ಣು ಮಾತ್ರ ಹಸಿ.

"ಗಾಡಿಗೆ ಏನೂ ಆಗಿಲ್ಲ ಗೈಬುಸಾಬ," ಎಂದರು ಬಸಗೊಂಡಪ್ಪನವರು. "ನಮ್ಮ ಸೊಸಿ ಮನಸ್ಸಿಗೆ ಸಮಾಧಾನ ಆಗಲಿ ಅಂತ ಬಂದೇನಿ. ಒಂದೀಟ ನೋಡಿದಂಗ ಮಾಡು."

"ನೋಡಿದಂಗ ಮಾಡೂ ವಿದ್ಯಾ ನನಗ ಬರಂಗಿಲ್ರಿ ಯಜಮಾನ್ರ. ಬಂದಿದ್ರ ಇಷ್ಟೊತ್ತಿಗೆ ದೊಡ್ಡ ಗ್ಯಾರೇಜ್ ಕಟ್ಟತಿದ್ದೆ," ಎಂದ ಗೈಬುಸಾಬ. ಲೋಟ ಕೆಳಗಿಟ್ಟು ಜೀಪಿನ ಕಡೆಗೆ ಹೋಗಲಿಲ್ಲ, ಸೌಭಾಗ್ಯಳ ಕಡೆಗೆ ತಿರುಗಿದ. "ಎಷ್ಟಕ್ಕ ನಡುಗತೈತಿ, ತಂಗಿ?"

ಹನ್ನೆರಡು ದಿನಗಳಲ್ಲಿ ಅವಳನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ.

"ಐವತ್ತೆರಡಕ್ಕ ಕಾಕಾ."

"ಐವತ್ತಕ್ಕ?"

"ಇಲ್ರಿ. ಐವತ್ತೆರಡು, ಐವತ್ಮೂರು."

"ಸುಮ್ಮ ಸುಮ್ಮನ ನಡುಗತೈತೋ, ಏನರೆ ತಾಗಬೇಕೋ?"

"ತಗ್ಗ ಬರಬೇಕ್ರಿ. ಎಡಗಾಲಿ ಇಳಿಬೇಕು."

"ಹೆಂಗ ನಿಂತು?"

"ಬ್ರೇಕ್ ಹಾಕಲಿಲ್ರಿ. ಎಕ್ಸಿಲೇಟರ್ ಬಿಟ್ಟೆ. ಇಪ್ಪತ್ತೈದಕ್ಕ ಇಳಿದಮ್ಯಾಲ ತಾನ ಬಿಡ್ತು."

"ಬ್ರೇಕ್ ಹಾಕಬಾರದು ಅಂತ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ. ಹಿಂದ ಒಂಬತ್ತ ಮಂದಿ ಇದ್ರು."

ಗೈಬುಸಾಬ ಅವಳ ಬಲಗೈ ಹೆಬ್ಬೆರಳನ್ನು ನೋಡಿದ. ಉಗುರು ಇನ್ನೂ ನೇರಳೆ ಹಣ್ಣಿನ ಬಣ್ಣದಲ್ಲಿತ್ತು. "ನಡೀರಿ," ಎಂದ. "ಮೊದಲ ಅದು ನನಗ ಕಾಣಿಸಲಿ."

ತಿಕೋಟಾ ರಸ್ತೆಯಲ್ಲಿ ಊರು ದಾಟಿದ ಮೇಲೆ ಬಸಗೊಂಡಪ್ಪನವರು ಸ್ವಲ್ಪ ದೂರ ಓಡಿಸಿದರು. ಮೂವತ್ತು, ಮೂವತ್ತೈದು. ಜೀಪು ತೊಟ್ಟಿಲ ಹಾಗೆ ಹೋಯಿತು. "ನೋಡಿದ್ಯಾ?" ಎಂದರು. ಗೈಬುಸಾಬ ಹಿಂದಿನ ಹಲಗೆಯ ಮೇಲಿಂದ ಬಗ್ಗಿ, "ನೋಡಿದ್ನಿರಿ. ಈಗ ತಂಗಿ ಹೊಡೀಲಿ," ಎಂದ.

"ನಾನೂ ಮುಂದ ಕುಂದ್ರತೀನಿ. ಆಕಿ ಕೈ ನೋಡಬೇಕು ನನಗ," ಎಂದರು ಮಾವ.

ಸೌಭಾಗ್ಯ ಸೀಟಿಗೆ ಬಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಎರಡೂ ಹೆಬ್ಬೆರಳುಗಳನ್ನು ಸ್ಟೇರಿಂಗಿನ ಹೊರಗೆ ಇಟ್ಟು ಹಿಡಿದಳು. ಒಮ್ಮೆ ಪೆಟ್ಟು ತಿಂದ ಮೇಲೆ ಕಲಿತ ಪಾಠ. ಗೇರು ಒಂದೊಂದಾಗಿ ಮೇಲೇರಿತು. ನಲವತ್ತೈದು. ಐವತ್ತು. ಎರಡೂ ಬದಿಗೆ ದ್ರಾಕ್ಷಿ ತೋಟದ ಕಲ್ಲುಕಂಬಗಳು ಹಿಂದಕ್ಕೆ ಸರಿಯತೊಡಗಿದವು. ಐವತ್ತೆರಡು. ಮೊದಲ ತಗ್ಗು ಬಂತು. ಎಡಗಾಲಿ ಇಳಿಯಿತು, ಎದ್ದಿತು.

ಏನೂ ಇಲ್ಲ.

ಮಾವ ಕೆಮ್ಮಿದರು. ಆ ಕೆಮ್ಮಿನಲ್ಲಿ ಒಂದು ಮಾತಿತ್ತು.

ಎರಡನೆಯ ತಗ್ಗು. ಈ ಸಲ ಬೇಕೆಂದೇ ಗಾಲಿಯನ್ನು ಅದರ ನಡುವೆ ಹಾಯಿಸಿದಳು. ಜೀಪು ಕುಪ್ಪಳಿಸಿ ನೆಟ್ಟಗಾಯಿತು. ಏನೂ ಇಲ್ಲ.

ಆಗ ಅವಳು ಜೀವನದಲ್ಲಿ ಯಾರೂ ಬೇಡದ ವರವೊಂದನ್ನು ಬೇಡಿದಳು. 'ಸಿದ್ಧೇಶ್ವರಪ್ಪಾ, ನಡುಗಿಸು.' ಬೇಡಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಪಕ್ಕದಲ್ಲಿ ಎಪ್ಪತ್ತರ ಮಾವ, ಹಿಂದೆ ಪರರ ಮನೆಯ ಹಿರಿಯ. ತನ್ನ ಮಾತು ನಿಜವಾಗಲೆಂದು ಇವರ ಮೈ ನಡುಗಲಿ ಎನ್ನುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಬೇಡಿಕೆಯನ್ನು ತಿದ್ದಿಕೊಳ್ಳಲು ಹೊತ್ತು ಸಿಗಲಿಲ್ಲ. ಮೂರನೆಯ ತಗ್ಗು ಸಣ್ಣದು, ಅವಳು ನೋಡಿರಲೇ ಇಲ್ಲ.

ಬಂತು.

ಮೊದಲು ಸ್ಟೇರಿಂಗಿನಲ್ಲಿ ಒಂದು ಚಿಟಿಕೆ. ಆಮೇಲೆ ಇಡೀ ಮೋರೆ. ಬಾನೆಟ್ಟು ಕಣ್ಣ ಮುಂದೆಯೇ ಎರಡೆರಡಾಗಿ ಕಾಣಿಸಿತು. ಕೈಗಳು ಮೊಣಕೈವರೆಗೆ ಬಡಿದುಕೊಂಡವು. ಬಸಗೊಂಡಪ್ಪನವರು "ಬ್ರೇಕ್! ಬ್ರೇಕ್ ಹಾಕಲೇ ಯವ್ವಾ!" ಎಂದು ಒದರಿದರು. ಎದುರಿನಿಂದ ಒಂದು ಬಸ್ಸು ಬರುತ್ತಿತ್ತು. ಅವಳು ಬ್ರೇಕಿನ ಮೇಲೆ ಕಾಲಿಡಲಿಲ್ಲ. ಎಕ್ಸಿಲೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ಬಿಗಿಯದೆ ಬಿಡದೆ, ಮೊಂಡ ಹೋರಿಯ ಹಗ್ಗ ಹಿಡಿದವರ ಹಾಗೆ ಹಿಡಿದಳು. ಬಸ್ಸು ಹಾರ್ನು ಬಡಿಯುತ್ತ ಪಕ್ಕದಿಂದ ಹಾದುಹೋಯಿತು. ಅದರ ಗಾಳಿಗೆ ಮಾವನ ರುಮಾಲು ಬಿಚ್ಚಿ ಹೆಗಲಿಗೆ ಬಿತ್ತು. ನಲವತ್ತು. ಮೂವತ್ತೈದು. ಮೂವತ್ತು. ಇಪ್ಪತ್ತೈದಕ್ಕೆ ನಡುಕ ಬಂದ ಹಾಗೇ ಬಿಟ್ಟುಹೋಯಿತು. ಜೀಪು ಜಾಲಿಗಿಡದ ಪಕ್ಕದಲ್ಲಿ ನಿಂತಿತು.

ಬಸಗೊಂಡಪ್ಪನವರು ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಸರಿಪಡಿಸುತ್ತಲೇ ಇದ್ದರು. ಕೊನೆಗೆ, "ಗಟ್ಟಿ ಹಿಡಿದಿದ್ರ ನಿಲ್ತಿತ್ತು," ಎಂದರು. ದನಿಯಲ್ಲಿ ಬೆಳಗಿನ ಬಿಗಿ ಇರಲಿಲ್ಲ.

"ಗಟ್ಟಿ ಹಿಡಿದಿದ್ರ ಆಕಿ ಮಣಿಕಟ್ಟು ಮುರೀತಿತ್ತು," ಎಂದ ಗೈಬುಸಾಬ. "ಬ್ರೇಕ್ ಹಾಕಿದ್ರ ನಾವು ಮೂರೂ ಮಂದಿ ಬಸ್ಸಿನ ಕೆಳಗ ಇರತಿದ್ವಿ. ಯಜಮಾನ್ರ, ಕೈ ದೋಷ ಅಲ್ರಿ ಇದು. ನಿಮ್ಮ ಜೀವ ಈಗ ಉಳಿಸಿದ್ದ ಆ ಕೈ."

"ಹಂಗಾರ ಅದೇನೋ ಡ್ಯಾಂಪರ್ ಅಂತಾರಲ್ಲ, ನಡುಕ ಹೀರಿಕೊಳ್ಳೂ ಕೊಳವಿ, ಅದನ್ನ ಹಾಕಿ ಬಿಡು. ನಮ್ಮೂರ ಮೇಸ್ತ್ರೀನೂ ಬೇಕಾದ್ರ ಅದನ್ನ ಹಾಕತೀನಿ ಅಂದಿದ್ದ. ನಡುಗೂದು ನಿಂತ್ರ ಆತಲ್ಲ?"

"ನಿಲ್ತೈತ್ರಿ, ಎರಡ ತಿಂಗಳ. ಅಳೂ ಕೂಸಿನ ಬಾಯಿಗೆ ಅರಿಬಿ ತುರುಕಿದಂಗ. ಕೂಸು ಯಾಕ ಅಳತೈತಿ ಅಂತ ನೋಡೂದು ಬ್ಯಾಡೇನ್ರಿ?"

ಶೆಡ್ಡಿಗೆ ಮರಳುವಾಗ ಮುಳ್ಳು ಇಪ್ಪತ್ತು ದಾಟಲಿಲ್ಲ. ಅಲ್ಲಿಂದ ಶುರುವಾದದ್ದು ನಿಜವಾದ ಕಾಯುವಿಕೆ.

ಗೈಬುಸಾಬ ಜ್ಯಾಕು ಹಚ್ಚಿ ಗಾಲಿ ಎತ್ತಲಿಲ್ಲ. "ಎತ್ತಿದ್ರ ಎಲ್ಲಾ ಕೀಲೂ ಜೋತು ಬಿದ್ದು ಬಿಗಿ ಆಗತಾವ. ಊರ ಮುಂದ ನಿಂತ ಗಂಡಸರಂಗ ಎಲ್ಲಾರೂ ನೆಟ್ಟಗ ಕಾಣಸ್ತಾರ. ಹೊರಿ ಹೊತ್ತಾಗ ಯಾರ ಜಾರ್ತಾರ ನೋಡಬೇಕು," ಎಂದ. ಗೋಣಿ ಹಾಸಿ ಜೀಪಿನ ಕೆಳಗೆ ಅಂಗಾತ ಸರಿದ. ಸೌಭಾಗ್ಯ ಮೇಲೆ ಕೂತು ಸ್ಟೇರಿಂಗನ್ನು ಎಡಕ್ಕೊಂದು ಗೇಣು, ಬಲಕ್ಕೊಂದು ಗೇಣು ಆಡಿಸಬೇಕು. ಅವನು ಕೆಳಗೆ ಒಂದೊಂದು ಕೀಲಿನ ಮೇಲೂ ಅಂಗೈ ಇಟ್ಟು, ವೈದ್ಯರು ನಾಡಿ ಹಿಡಿಯುವಂತೆ ಹಿಡಿಯುವನು.

"ಆಡಸು." ಆಡಿಸಿದಳು. "ಟೈ ರಾಡ್ ಚಲೋ ಐತಿ, ಹೊಸದು." ಎರಡೂ ಗಾಲಿಗಳನ್ನು ಜೋಡಿಸುವ ಆ ಸರಳನ್ನು ತಿಕೋಟಾದ ಮೇಸ್ತ್ರಿ ಹೋದ ವರ್ಷವೇ ಬದಲಿಸಿದ್ದ. "ಆಡಸು. ಗಾಲಿ ತಿರುಗೂ ಕೀಲು, ಕಿಂಗ್ ಪಿನ್, ಅದೂ ಚಲೋ ಐತಿ." "ಆಡಸು. ಸ್ಟೇರಿಂಗ್ ಡಬ್ಬಿ ಬೋಲ್ಟು ಬಿಗಿ ಅದಾವ." ಒಂದೊಂದು 'ಚಲೋ ಐತಿ'ಗೂ ಅವಳ ಎದೆ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಚಲೋ ಎಂಬ ಮಾತು ಇಷ್ಟು ಕೆಟ್ಟದ್ದಾಗಿ ಕೇಳಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಬೇವಿನ ನೆರಳು ಕಾಲಬುಡಕ್ಕೆ ಬಂತು, ಆಚೆಗೆ ಸರಿಯಿತು. ಒಂದು ರೈಲು ಹೋಯಿತು; ತಗಡುಗಳೆಲ್ಲ ಗದಗದಿಸಿದವು. ರುದ್ರವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಬಿಚ್ಚದೆ ಹಾಗೇ ಇತ್ತು. ಬಸಗೊಂಡಪ್ಪನವರ ಫೋನು ಮೊಳಗಿತು. ರೇವಪ್ಪ. ಅವನ ದನಿ ಹೊರಗೆ ಕೇಳುವಷ್ಟು ದೊಡ್ಡದು.

"ಗೌಡ್ರ, ನಾಳೆ ಎಷ್ಟಕ್ಕ ಬರ್ಲಿ? ಐದೂವರಿಗೆ ಬಂದು ಬಿಡತೀನಿ. ನಿಮ್ಮ ಸೊಸಿ ಹೊಡ್ಯಾಂಗ ತಾಸಗಟ್ಲೆ ಹೊಡ್ಯಾಂವಲ್ಲ ನಾ, ಹತ್ತ ಮಿನಿಟಿನ್ಯಾಗ ತೋಟದಾಗ ಇಳಿಸ್ತೀನಿ."

ಸೌಭಾಗ್ಯಳ ಕೈ ಸ್ಟೇರಿಂಗಿನ ಮೇಲೆ ಹಾಗೇ ನಿಂತಿತು. ಮಾವ ಅವಳ ಕಡೆ ನೋಡಲಿಲ್ಲ. "ಸಂಜಿಗೆ ಹೇಳ್ತೀನಿ ತಡಿಯೋ," ಎಂದು ಫೋನು ಕಿಸೆಗಿಟ್ಟರು.

"ಆಡಸು ತಂಗಿ. ಯಾಕ ನಿಲ್ಲಿಸಿದಿ?"

ಆಡಿಸಿದಳು.

"ಮತ್ತೊಮ್ಮಿ."

ಆಡಿಸಿದಳು.

"ಸಾವಕಾಶ. ಎಡಕ್ಕ ಅಷ್ಟ." ಅವನ ದನಿ ತಗ್ಗಿತ್ತು. "ಯಜಮಾನ್ರ, ನಿಮಗ ಬಗ್ಗಾಕ ಬರತೈತೇನು? ಸ್ವಲ್ಪ ಇಲ್ಲಿ ನೋಡ್ರಿ."

ಬಸಗೊಂಡಪ್ಪನವರು ಮೊಣಕಾಲೂರಿ ಬಗ್ಗಿದರು. ಸೌಭಾಗ್ಯಳಿಗೆ ಮೇಲಿಂದ ಅವರ ಬೆನ್ನಷ್ಟೇ ಕಾಣುತ್ತಿತ್ತು.

"ಇದು ಪಾಟಾ. ಗಾಡಿ ಭಾರ ಹೊರೂ ಉಕ್ಕಿನ ಪಟ್ಟಿ. ಇದರ ತುದೀಗೆ ಈ ಕಣ್ಣಾಗ ರಬ್ಬರಿನ ಬಳಿ ಕುಂತೈತಿ, ಬುಶ್ ಅಂತಾರ, ಕಾಣಸ್ತು?"

"ಹೊಸದರಂಗ ಐತಲ್ಲೋ. ಗುಂಡ ಗುಂಡಗ ಮಿಂಚಾಕತ್ತೈತಿ."

"ಹೂಂ, ಎಲ್ಲಾರೂ ಅದನ್ನ ನೋಡಿ ಮೋಸ ಹೋಗ್ಯಾರ. ತಂಗಿ, ಆಡಸು." ಆಡಿಸಿದಳು. "ಸ್ಟೇರಿಂಗ್ ತಿರುಗಿದ ಮ್ಯಾಲ ಗಾಲಿ ತಿರುಗಬೇಕು. ಇಲ್ಲಿ ಗಾಲಿ ತಿರುಗೂ ಬದಲಿ ಇಡೀ ಅಚ್ಚು ಮಗ್ಗಲಕ್ಕ ಜರೀತೈತಿ ನೋಡ್ರಿ. ಹಿಂಗ ಜರದ್ರ, ತಗ್ಗಿನ್ಯಾಗ ಬಿದ್ದ ಗಾಲಿ ಎಲ್ಲಿ ನಿಲ್ಲಬೇಕು ಅಂತ ಮರತ ಬಿಡತೈತಿ."

ಬೋಲ್ಟು ಬಿಚ್ಚಿ ಬುಶ್ಶನ್ನು ಹೊರತೆಗೆಯಲು ಅರ್ಧ ತಾಸು ಹಿಡಿಯಿತು. ಗೈಬುಸಾಬ ಹೊರಗೆ ಬಂದು ಅದನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದ. ನೆನೆಸಿದ ಹುಣಸೆಹಣ್ಣಿನ ಹಾಗೆ ಬೆರಳು ಒಳಗಿಳಿಯಿತು. ಕಪ್ಪು ತೊಗಟೆ ಬೆರಳಿಗಂಟಿ ಬಂತು. ಅವನು ಮೂಗಿಗೆ ಹಿಡಿದ. ಮುಖದ ಮೇಲೆ ಸೋಜಿಗ ಮೂಡಿತು.

"ಇಂಜಿನ್ ಎಣ್ಣಿ ಅಲ್ಲ ಇದು. ಕುಸುಬಿ ಎಣ್ಣಿ. ಪಲ್ಯಾಕ್ಕ ಹಾಕೂ ಎಣ್ಣಿ ಇಲ್ಲಿ ಹೆಂಗ ಬಂತು?"

ಸೌಭಾಗ್ಯಳಿಗೆ ಗೊತ್ತಿತ್ತು. ಕೇಳುತ್ತಿದ್ದಂತೆಯೇ ಗೊತ್ತಾಯಿತು.

ಆ ಮನೆಯಲ್ಲಿ ಹಿಂದೆ ಎರಡು ಎತ್ತುಗಳಿದ್ದವು. ಅಮಾವಾಸ್ಯೆಗೊಮ್ಮೆ ಬಸಗೊಂಡಪ್ಪನವರು ಅವುಗಳ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಮೊಣಕಾಲು ಗಿಣ್ಣುಗಳಿಗೆ ಕುಸುಬೆ ಎಣ್ಣೆ ತಿಕ್ಕುತ್ತಿದ್ದರು. ಎತ್ತು ಮುದಿಯಾಗಿ ಹೋದವು, ಜೀಪು ಬಂತು. 'ಇನ್ನ ಇದ ನಮ್ಮ ಬಸವಣ್ಣ' ಎಂದರು. ಅಂದಿನಿಂದ ಪ್ರತಿ ಅಮಾವಾಸ್ಯೆ, ತೊಳೆದ ಜೀಪಿನ ಕೆಳಗೆ ಗಿಂಡಿ ಹಿಡಿದು ಸರಿದು, ಎಲ್ಲೆಲ್ಲಿ ಕೀಲು ಕಾಣುತ್ತದೋ ಅಲ್ಲೆಲ್ಲ ಅರಿವೆಯಿಂದ ಎಣ್ಣೆ ತಿಕ್ಕಿ, ಕಣ್ಣು ಮುಚ್ಚಿ ಕೈ ಮುಗಿಯುವರು. ವಯಸ್ಸಾದಂತೆ ಎಣ್ಣೆಯೂ ಹೆಚ್ಚಾಗಿತ್ತು. ಆ ಹೊತ್ತಿನಲ್ಲಿ ಅವರ ಮುಖದ ಮೇಲಿನ ಶಾಂತಿಯನ್ನು ನೋಡಲೆಂದೇ ಸೌಭಾಗ್ಯ ಎಷ್ಟೋ ಸಲ ಬಾಗಿಲಲ್ಲಿ ನಿಂತಿದ್ದಳು.

ಈಗ ಒಂದೇ ಮಾತು ಸಾಕಿತ್ತು. ಹನ್ನೆರಡು ದಿನಗಳ ಮೂದಲಿಕೆ ನಾಲಿಗೆಯ ತುದಿಯಲ್ಲಿ ಬಂದು ನಿಂತಿತ್ತು. ಅವಳು ಬಾಯಿ ತೆರೆದಳು. ಮಾವ ಗೋಣಿಯ ಮೇಲೆ ಇನ್ನೂ ಮೊಣಕಾಲೂರಿಯೇ ಇದ್ದರು. ಏಳಲು ಬಾರದೆಯೋ, ಏಳಲು ಮನಸ್ಸಾಗದೆಯೋ. ಅವಳು ಬಾಯಿ ಮುಚ್ಚಿಕೊಂಡು ಸೀಟಿನಿಂದ ಇಳಿದು ಅವರ ತೋಳಿಗೆ ಕೈ ಕೊಟ್ಟಳು.

ಬಸಗೊಂಡಪ್ಪನವರು ಎದ್ದು ನಿಂತು ಗೈಬುಸಾಬನ ಬೆರಳನ್ನು ತಮ್ಮ ಮೂಗಿಗೆ ಎಳೆದುಕೊಂಡರು.

"ನಾ ಹಚ್ಚಿದ್ದು," ಎಂದರು.

"ನೀವ?"

"ಅಮಾಸಿಗೊಮ್ಮಿ. ಎಣ್ಣಿ ಹಚ್ಚಿದ್ರ ಕೆಡತೈತೇನೋ ಗೈಬುಸಾಬ? ಎಣ್ಣಿ ಅಂದ್ರ ಜೀವ ಅಲ್ಲೇನು?"

"ಕಬ್ಬಿಣಕ್ಕ ಜೀವರೀ. ರಬ್ಬರ್ ಅದನ್ನ ಕುಡದು ಕುಡದು ಉಬ್ಬತೈತಿ. ಮ್ಯಾಲ ಪೈಲವಾನ, ಒಳಗ ಏನೂ ಇಲ್ಲ. ಹೋದ ಮಳಿಗಾಲದಾಗ ಮಣ್ಣಿನ್ಯಾಗ ಹಿಡಿಲಿ ಅಂತ ದೊಡ್ಡ ಟಯರ್ ಬ್ಯಾರೆ ಹಾಕೀರಿ. ಭಾರ ಹೆಚ್ಚಾತು, ಒಳಗಿನ ಸಡಲ ಹೊರಗ ಬಂತು." ಅವನು ದನಿ ತಗ್ಗಿಸಿ ಸೇರಿಸಿದ: "ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಪ್ರೀತೀಲೆ ಮಾಡೀರಿ."

"ಪ್ರೀತೀಲೆ ಮಾಡಿದ್ರ ದಾನವ್ವನ ತಲಿ ಒಡಿದಿಲ್ಲೇನು?"

ಬೆಳಿಗ್ಗೆ ಸೊಸೆಯ ಮೇಲೆ ಎಸೆದ ಮಾತನ್ನು ಈ ಸಲ ಅವರು ತಮಗೇ ಕೇಳಿಕೊಂಡಿದ್ದರು. ಗೈಬುಸಾಬ ಸೈಕಲ್ ಹತ್ತಿ ಬುಶ್ ತರಲು ಪೇಟೆಗೆ ಹೋದ. ಮಾವ ಸೊಸೆ ಬೇವಿನ ಕೆಳಗೆ ಎದುರು ಬದುರು ಕೂತರು. ಅವಳು ಬುತ್ತಿ ಬಿಚ್ಚಿ ರೊಟ್ಟಿ ಮುಂದಿಟ್ಟಳು. ಅವರು ಮುರಿದರು, ತಿನ್ನಲಿಲ್ಲ.

"ನಿನಗ ಗೊತ್ತಿತ್ತು," ಎಂದರು. "ಅಂವ ಎಣ್ಣಿ ಅಂದ ಕೂಡಲೆ ನಿನಗ ಗೊತ್ತಾತು. ಯಾಕ ಅನ್ನಲಿಲ್ಲ?"

"ನೀವ ಅಂತೀರಿ ಅಂತ ನನಗ ಗೊತ್ತಿದ್ದಿಲ್ರಿ ಮಾವಾರ. ಅನ್ನಬೇಕು ಅಂತ ಬಾಯಿ ತೆರದಿದ್ದೆ. ನಿಮ್ಮನ್ನ ನೋಡಿ ಮುಚ್ಚಿದೆ."

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಅವರು ತಲೆಯಾಡಿಸಿ ರೊಟ್ಟಿಯ ತುಣುಕನ್ನು ಬಾಯಿಗಿಟ್ಟುಕೊಂಡರು.

ಹೊಸ ಬುಶ್‌ಗಳು ಎಂಟು. ಎಲ್ಲವನ್ನೂ ಕೂರಿಸಿದ ಮೇಲೆ ಗೈಬುಸಾಬ ಜೀಪನ್ನು ನೆಲದ ಮೇಲೆ, ಅದರ ಭಾರದಲ್ಲೇ ನಿಲ್ಲಿಸಿ, ಕೊನೆಗೆ ಬೋಲ್ಟು ಬಿಗಿದ. ಹೊತ್ತು ಪಡುವಣಕ್ಕೆ ವಾಲಿತ್ತು.

"ನೀನೂ ಬಾ, ಹೊಡದು ನೋಡೂಣು," ಎಂದರು ಬಸಗೊಂಡಪ್ಪನವರು.

"ನಾ ಬರಂಗಿಲ್ರಿ. ಬಂದ್ರ ನನ್ನ ಕೆಲಸದ ಮ್ಯಾಲ ನನಗ ಭರೋಸಾ ಇಲ್ಲ ಅಂದಂಗ. ತಂಗಿ, ತಗ್ಗ ತಪ್ಪಿಸಬ್ಯಾಡ. ನಡುಗಿದ್ರ ಇಲ್ಲಿಗೇ ತಿರುಗಿ ಬಾ. ನಡುಗಲಿಲ್ಲಂದ್ರ ಬರಬ್ಯಾಡ."

ಕೀಲಿ ಈಗ ಮಾವನ ಕೈಯಲ್ಲಿತ್ತು. ಸೌಭಾಗ್ಯ ಕೈ ಚಾಚಲಿಲ್ಲ. ಅವರು ಅದನ್ನು ತಾವೇ ಗಾಡಿಗೆ ಸಿಕ್ಕಿಸಿ, ಮುಂದಿನ ಸೀಟಿಗೆ ಹತ್ತದೆ ಹಿಂದಕ್ಕೆ ಹೋದರು.

"ಮಾವಾರ, ಮುಂದ ಬರ್ರಿ. ಹಿಂದ ಕುಪ್ಪಳಸತೈತಿ."

"ದಾನವ್ವ ಎಲ್ಲಿ ಕುಂತಿದ್ಲು?"

"...ಬಲಗಡಿ. ಕಂಬಿ ಹಂತೇಕ."

ಅವರು ಬಲಗಡೆಯ ಹಲಗೆಯ ಮೇಲೆ, ಕಂಬಿಯ ಪಕ್ಕದಲ್ಲಿ ಕೂತರು. "ಜೈನಾಪುರದ ದಾರಿ ಹಿಡಿ. ಐವತ್ತೈದಕ್ಕ ಹೊಡಿ."

ಬಬಲೇಶ್ವರದ ರಸ್ತೆಯಲ್ಲಿ ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನಲವತ್ತು. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಕಣ್ಣು ಮುಚ್ಚಿ, ತುಟಿ ಅಲುಗುತ್ತಿತ್ತು. ಐವತ್ತು. ಬೆಳಿಗ್ಗೆ ನಡುಗಿಸೆಂದು ಬೇಡಿದ ಬಾಯಿ ಈಗ ಏನನ್ನೂ ಬೇಡಲು ಒಲ್ಲೆನೆಂದಿತು. ಐವತ್ತೆರಡು. ಐವತ್ತೈದು. ಮುಂದೆ ನೀರಿನ ಪೈಪಿಗಾಗಿ ರಸ್ತೆ ಅಗೆದು ಮುಚ್ಚದೆ ಬಿಟ್ಟಿದ್ದ ಅಡ್ಡಗಂಡಿ. ತಪ್ಪಿಸಬಹುದಿತ್ತು. ತಪ್ಪಿಸಲಿಲ್ಲ.

ಧಡ್ ಎಂದಿತು. ಹಿಂದೆ ಹಲಗೆಯ ಮೇಲೆ ಮಾವ ಎದ್ದು ಬಿದ್ದರು. ಸ್ಟೇರಿಂಗಿನಲ್ಲಿ ಒಂದು ಚಿಟಿಕೆ ಬಂತು. ಎರಡನೆಯದು ಬರಲಿಲ್ಲ. ಜೀಪು ನೀರಿನಿಂದ ಎದ್ದ ದನದ ಹಾಗೆ ಒಮ್ಮೆ ಮೈ ಕೊಡವಿ ನೆಟ್ಟಗೆ ಹೋಯಿತು.

"ಇನ್ನೊಂದ ತಗ್ಗ ಹಾಯಿಸು!" ಎಂದು ಹಿಂದಿನಿಂದ ಕೂಗು ಬಂತು. ಹಾಯಿಸಿದಳು. "ಇನ್ನೊಂದು!" ಹಾಯಿಸಿದಳು. ಐದನೆಯದಕ್ಕೆ, "ಸಾಕವ್ವಾ, ನನ್ನ ಟೊಂಕದ ಬುಶ್ ಹೋಗತಾವ," ಎಂದರು. ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

ದಾರಿಯಲ್ಲೇ ಅವರು ಫೋನು ತೆಗೆದರು. "ರೇವಪ್ಪಾ, ನಾಳೆ ಬರೂದು ಬ್ಯಾಡೋ... ಯಾಕ ಅಂದ್ರ? ಮನ್ಯಾಗ ಹೊಡೆಯೋರ ಅದಾರ ಅದಕ್ಕ... ನೀನೂ ಹೊಡೀತಿ ಬಿಡೋ, ಆದ್ರ ನಿನ್ನ ಹಿಂದ ಕುಂದ್ರಾಕ ನನಗ ಧೈರ್ಯ ಇಲ್ಲ."

ಜೈನಾಪುರದಲ್ಲಿ ದಾನವ್ವ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ತಲೆಗೆ ಬಿಳಿ ಪಟ್ಟಿ. ಜೀಪನ್ನು ಕಂಡದ್ದೇ ಮೊರ ಪಕ್ಕಕ್ಕಿಟ್ಟಳು. ಅಕ್ಕಪಕ್ಕದ ಹೆಂಗಸರೂ ಬಂದರು.

"ಗೌಡ್ರ, ಕೂಲಿಗೆ ಕರಿಯಾಕ ಬಂದಿದ್ರ ಈಗ ಹೇಳಿ ಬಿಡತೀನಿ, ಆ ಗಾಡಿ ನಾ ಹತ್ತಂಗಿಲ್ಲ. ರೇವಪ್ಪ ಹೊಡೀಲಿ, ಸ್ವರ್ಗದ ದೇವೇಂದ್ರನ ಬಂದು ಹೊಡೀಲಿ. ನನ್ನ ತಲ್ಯಾಗ ಇನ್ನ ಹೊಲಿಗಿ ಹಾಕಾಕ ಜಾಗಾ ಇಲ್ಲ."

ಬಸಗೊಂಡಪ್ಪನವರು ಹಿಂದಿನಿಂದ ಇಳಿದರು. ಗೌಡರು ಹಿಂದಿನ ಹಲಗೆಯಿಂದ ಇಳಿಯುವುದನ್ನು ಕಂಡು ಹೆಂಗಸರು ಮುಖ ಮುಖ ನೋಡಿಕೊಂಡರು. ಅವರು ಕಟ್ಟೆಯ ಹತ್ತಿರ ಬಂದು ನಿಂತರು.

"ದಾನವ್ವಾ, ಗಾಡಿ ನಡುಗಿಸಿದಾಂವ ನಾನು. ಈಕಿ ಅಲ್ಲ. ಇಪ್ಪತ್ತೆಂಟ ವರ್ಷ ಅಮಾಸಿಗೊಮ್ಮಿ ಎಣ್ಣಿ ಹಚ್ಚಿ ಹಚ್ಚಿ ಅದರ ಕೀಲಿನ ರಬ್ಬರ್ ಕೊಳಸೇನಿ. ಇವತ್ತ ಹೊಸಾವು ಹಾಕಿಸೇವಿ. ನೀ ಕುಂತ ಜಾಗಾದಾಗ ಕುಂತು, ಐವತ್ತೈದಕ್ಕ ಐದ ತಗ್ಗ ಹಾಯಿಸಿಕೊಂಡ ಬಂದೇನಿ. ಬರೂದು ಬಿಡೂದು ನಿನಗ ಬಿಟ್ಟದ್ದು. ಖರೇ ಏನಂತ ನಿನಗ ನಾನ ಹೇಳಬೇಕಿತ್ತು."

ದಾನವ್ವ ಅವರನ್ನು ನೋಡಿದಳು, ಜೀಪನ್ನು ನೋಡಿದಳು. ಒಂದು ಮೇಕೆ ಬಂದು ಮೊರದ ಜೋಳಕ್ಕೆ ಬಾಯಿ ಹಾಕಿತು, ಯಾರೂ ಓಡಿಸಲಿಲ್ಲ.

"ಇಪ್ಪತ್ತೆಂಟ ವರ್ಷ ಎಣ್ಣಿ ಹಚ್ಚೀರೇನ್ರಿ ಅದಕ್ಕ?"

"ಹೂಂನವ್ವಾ."

"ಅಯ್ಯ ಶಿವನ! ಅದರಾಗ ಒಂದ ಗಿಂಡಿ ನಮ್ಮ ಮೊಣಕಾಲಿಗೆ ಕೊಟ್ಟಿದ್ರ ನಿಮ್ಮ ಗಾಡೀನ ಬೇಕಾಗಿದ್ದಿಲ್ಲಲ್ರೀ. ನಡಕೊಂಡ ಬರತಿದ್ವಿ."

ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ಬಸಗೊಂಡಪ್ಪನವರು ನಗಲಿಲ್ಲ, ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒತ್ತಿಕೊಂಡರು. ದಾನವ್ವ ಮೇಕೆಯನ್ನು ಗದರಿಸಿ ಅಟ್ಟಿದಳು. ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು, ಸೌಭಾಗ್ಯಳ ಕಡೆ ತಿರುಗಿ ಕೇಳಿದಳು:

"ಕಟ್ಟಿ ಮುಂದ ಎಷ್ಟಕ್ಕ ಬರ್ತಿ ನಾಳೆ?"

"ಆರಕ್ಕ ಬರತೀನಿ ಅಕ್ಕಾರ."

"ಆರಕ್ಕಂದ್ರ ಆರಕ್ಕ ಬಾ ಮತ್ತ. ಕಾಯಿಸಬ್ಯಾಡ."